‘ಸಿಲ್ಲಿ’ಯ ಭಾಗ್ಯ

ಪ್ರಶ್ನೆ: ‘ಸಿಲ್ಲಿ’ ಎಂದರೆ ಪೆದ್ದುತನದ್ದು ಎಂದಷ್ಟೇ ಗೊತ್ತಿತ್ತು. ಅದರ ಮೂಲ ಅರ್ಥ ‘ಭಾಗ್ಯವಂತ’ ಎನ್ನುತ್ತಾರಲ್ಲ, ನಿಜವೇ?

ಉತ್ತರ: ನಿಜ. ಹಳೆಯ ಇಂಗ್ಲಿಷಿನಲ್ಲಿ ‘ಸ್ಯಾಲ್’ ಎಂದರೆ ಸುಖ, ಒಳ್ಳೆಯ ಗಳಿಗೆ. ಅದರಿಂದ ಹುಟ್ಟಿದ ‘ಸ್ಯಾಲಿಗ್’ ಎಂದರೆ ಸುಖಿ, ಧನ್ಯ. ಇದರ ದಾಯಾದಿಯಾದ ಜರ್ಮನ್ನಿನ ‘ಜೇಲಿಗ್’ ಇವತ್ತಿಗೂ ಧನ್ಯನಾಗಿಯೇ ಉಳಿದಿದೆ.

ಇಂಗ್ಲಿಷಿನಲ್ಲಿ ಅರ್ಥ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ದೇವರ ಕೃಪೆಯುಳ್ಳವನು ಕಪಟವರಿಯದವನು, ಕಪಟವರಿಯದವನು ಬೇಗ ಮೋಸಹೋಗುವವನು, ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವವನು, ಆಮೇಲೆ ದುರ್ಬಲ, 16ನೇ ಶತಮಾನದ ಹೊತ್ತಿಗೆ ಬುದ್ಧಿ ಸಾಲದವನು. ನಡುವೆ ‘ಸೀಲಿ’ ಎಂಬ ರೂಪವಿತ್ತು. ಅದರ ದೀರ್ಘ ಹ್ರಸ್ವವಾಗಿ ‘ಸಿಲ್ಲಿ’ ಆಯಿತು. ನಾವು ‘ಪಾಪದವನು’ ಎನ್ನುವಾಗಲೂ ಕನಿಕರದ ಹಿಂದೆ ತುಸು ತಾತ್ಸಾರ ಇಣುಕುತ್ತದಲ್ಲವೇ, ಅದೇ ಜಾರುದಾರಿ.

ಇದಕ್ಕಿಂತ ಸ್ವಾರಸ್ಯದ ಜೋಡಿ ನಮ್ಮಲ್ಲೇ ಇದೆ. ‘ಮೂಢ’, ‘ಮುಗ್ಧ’ ಎರಡೂ ಸಂಸ್ಕೃತದ ‘ಮುಹ್’ ಧಾತುವಿನಿಂದ ಬಂದವು. ದಿಕ್ಕುತಪ್ಪು, ಮಂಕಾಗು ಎಂದು ಅದರ ಅರ್ಥ. ಮೂಢ ಬೈಗುಳವಾಗಿಯೇ ಉಳಿದ. ಮುಗ್ಧ ಮಾತ್ರ ದಡ್ಡತನ ಕಳೆದುಕೊಂಡು ನಿಷ್ಕಪಟಿಯಾದ. ಅಂದರೆ ‘ಸಿಲ್ಲಿ’ ಇಳಿದ ಮೆಟ್ಟಿಲನ್ನೇ ‘ಮುಗ್ಧ’ ಹತ್ತಿತು.

ಪ್ರಶ್ನೆ: ಹಾಗಾದರೆ ‘ಡೋಂಟ್ ಬಿ ಸಿಲ್ಲಿ’ ಅಂದರೆ ಬೈದಂತೆಯೇ? ಕ್ರಿಕೆಟ್ಟಿನ ‘ಸಿಲ್ಲಿ ಪಾಯಿಂಟ್’ನಲ್ಲಿ ಏನು ಪೆದ್ದುತನ?

ಉತ್ತರ: ಬೈಗುಳ ಆಗಲೇಬೇಕೆಂದಿಲ್ಲ. ಸಹಾಯ ಪಡೆದವರು ಸಂಕೋಚಪಟ್ಟಾಗ ಹೀಗಂದರೆ ‘ಛೆ, ಅದೇನು ಮಹಾ!’ ಎಂದಂತೆ. ಅಲ್ಲಿ ‘ಸ್ಟುಪಿಡ್’ ಹಾಕಿದಿರೋ ಕೆಲಸ ಕೆಟ್ಟಿತು. ಅದರಲ್ಲಿ ಸಲಿಗೆಯಿಲ್ಲ, ಚುಚ್ಚುವಿಕೆಯಿದೆ. ಅಧಿಕಾರದ ದನಿಯಲ್ಲಿ ಹೇಳಿದರೆ ‘ಸಿಲ್ಲಿ’ಯೂ ಚುಚ್ಚುತ್ತದೆ ಅನ್ನಿ. ಗೊತ್ತಿದ್ದೂ ಅಜಾಗರೂಕತೆಯಿಂದ ಮಾಡಿದ ತಪ್ಪು ‘ಸಿಲ್ಲಿ ಮಿಸ್ಟೇಕ್’. ಗೊತ್ತೇ ಇಲ್ಲದೆ ತಪ್ಪಿದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಕ್ರಿಕೆಟ್ಟಿನಲ್ಲಿ ಈ ಪದ ಬ್ಯಾಟರ್‌ಗೆ ತೀರಾ ಹತ್ತಿರ ನಿಲ್ಲುವ ಜಾಗಗಳಿಗೆ ಸೇರುತ್ತದೆ: ಸಿಲ್ಲಿ ಪಾಯಿಂಟ್, ಸಿಲ್ಲಿ ಮಿಡ್-ಆಫ್, ಸಿಲ್ಲಿ ಮಿಡ್-ಆನ್. ಚೆಂಡು ಬಲವಾಗಿ ಬಡಿಯಲ್ಪಟ್ಟರೆ ತಪ್ಪಿಸಿಕೊಳ್ಳಲು ಪುರುಸೊತ್ತೇ ಇರದ ಕಡೆ ಹೋಗಿ ನಿಲ್ಲುವುದೇ ಅಲ್ಲಿನ ಹುಚ್ಚುತನ. ಹೆಲ್ಮೆಟ್, ಕಾಲಿಗೆ ಕಾಪು ತೊಟ್ಟು ನಿಲ್ಲುವುದು ಅದಕ್ಕೇ.