ನಮ್ಮ ಪಾಮ್ ಗಬ್ಬ ಆಗಿದೆಯಾ, ತಿಳಿಯೋದು ಹೇಗೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಪಾಮ್ ನಾಯಿಗೆ ಎರಡೂವರೆ ವರ್ಷ, ತೂಕ 5 ಕೆಜಿ. ಹೆಸರು ಸ್ವೀಟಿ. ಈ ಸಲ ಬೆದೆಗೆ ಬಂದಾಗ ಪರಿಚಯದವರ ಮನೆಯ ಗಂಡು ಪಾಮ್ ಜೊತೆ ಕೂಡಿಸಿದೆವು. ಮೂರು ವಾರ ಆಯಿತು. ಈಗ ಬೆಳಿಗ್ಗೆ ಊಟ ಮುಟ್ಟುತ್ತಿಲ್ಲ, ಒಮ್ಮೆ ವಾಂತಿ ಮಾಡಿತು, ಮೊಲೆ ತೊಟ್ಟು ಸ್ವಲ್ಪ ಕೆಂಪಗೆ ಕಾಣುತ್ತಿವೆ. ಗಬ್ಬ ಆಗೇ ಇದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಆದರೆ ಮೆಡಿಕಲ್ ಅಂಗಡಿಯಿಂದ ಹೆಂಗಸರ ಕಿಟ್ ತಂದು ನೋಡಿದರೆ ಒಂದೇ ಗೆರೆ ಬಂತು. ಯಾವುದನ್ನು ನಂಬಬೇಕು? ಈಗಿನಿಂದಲೇ ಕ್ಯಾಲ್ಸಿಯಂ ಟಾನಿಕ್ ಶುರು ಮಾಡಲಾ?
- ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ಅಕ್ಕಾರೆ, ಮೊದಲು ಆ ಕಿಟ್ ಬದಿಗಿಡಿ. ಹೆಂಗಸರು ಬಸುರಾದಾಗ ಎಚ್‌ಸಿಜಿ ಅನ್ನುವ ಹಾರ್ಮೋನ್ ಬರುತ್ತದೆ, ಕಿಟ್ ಹುಡುಕುವುದು ಅದನ್ನೇ. ನಾಯಿಯಲ್ಲಿ ಆ ಹಾರ್ಮೋನ್ ಬರುವುದೇ ಇಲ್ಲ. ಹೊಟ್ಟೆಯಲ್ಲಿ ನಾಲ್ಕು ಮರಿ ಇದ್ದರೂ ಒಂದೇ ಗೆರೆ ಬರುತ್ತದೆ.

ನಿಮ್ಮ ಅತ್ತೆಯವರು ನೋಡಿದ ಗುರುತುಗಳು ಸುಳ್ಳಲ್ಲ. ಮೂರರಿಂದ ನಾಲ್ಕು ವಾರದ ಹೊತ್ತಿಗೆ ಕೆಲವು ನಾಯಿಗಳು ಊಟ ಬಿಡುತ್ತವೆ, ಒಂದೆರಡು ಸಲ ವಾಂತಿ ಮಾಡುತ್ತವೆ, ತೊಟ್ಟು ಕೆಂಪಾಗಿ ಸ್ವಲ್ಪ ಮುಂದೆ ಬರುತ್ತವೆ, ಸುಮ್ನೆ ಮೂಲೆಯಲ್ಲಿ ಮಲಗುತ್ತವೆ. ಆದರೆ ಇಷ್ಟನ್ನೇ ನೋಡಿ ಗಬ್ಬ ಅಂತ ಹೇಳಲು ಬರುವುದಿಲ್ಲ. ಯಾಕೆಂದರೆ ಬೆದೆ ಮುಗಿದ ಮೇಲೆ ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಸುಮಾರು ಎರಡು ತಿಂಗಳು ಜಾಸ್ತಿಯೇ ಇರುತ್ತದೆ, ಗಬ್ಬ ಆಗಿರಲಿ ಆಗದಿರಲಿ. ಹಾಗಾಗಿ ಗಂಡಿನ ನೆರಳೂ ಸೋಕದ ನಾಯಿಗೂ ತೊಟ್ಟು ಕೆಂಪಾಗಬಹುದು, ಹೊಟ್ಟೆ ಉಬ್ಬಬಹುದು, ಹಾಲೂ ಬರಬಹುದು. ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ ಮಾಡಿಸಿದರೂ ಇದೇ ಕಾರಣಕ್ಕೆ ಗಬ್ಬ ಖಾತ್ರಿಯಾಗುವುದಿಲ್ಲ.

ಖಾತ್ರಿ ಬೇಕೆಂದರೆ ಇನ್ನೊಂದು ವಾರ ಕಾಯಿರಿ. ಕೂಡಿಸಿದ 28ರಿಂದ 30ನೇ ದಿನದ ಹೊತ್ತಿಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಸಾಮಾನ್ಯವಾಗಿ 25ನೇ ದಿನದಿಂದಲೇ ಮರಿಯ ಚೀಲ ಕಾಣುತ್ತದೆ, ಅದರೊಳಗೆ ಪುಟ್ಟ ಹೃದಯ ಮಿಡಿಯುವುದೂ ಕಾಣುತ್ತದೆ. ಮರಿ ಇದೆಯೋ ಇಲ್ಲವೋ ಅನ್ನುವುದರ ಜೊತೆಗೆ ಜೀವಂತ ಇದೆಯಾ ಅಂತಲೂ ತಿಳಿಯುವುದು ಈ ಹಂತದಲ್ಲಿ ಸ್ಕ್ಯಾನಿಂಗ್‌ನಿಂದಲೇ. ಮತ್ತೆ ನಾನು ಯಾಕೆ ಇನ್ನಷ್ಟು ದಿನ ಕಾಯಲು ಹೇಳುತ್ತೇನೆ ಅಂದರೆ, ನೀವು ಲೆಕ್ಕ ಹಿಡಿದಿರುವುದು ಕೂಡಿಸಿದ ದಿನದಿಂದ. ಗಂಡಿನ ವೀರ್ಯ ಹೆಣ್ಣಿನ ಹೊಟ್ಟೆಯಲ್ಲಿ ಹಲವು ದಿನ ಬದುಕಿರುತ್ತದೆ, ತತ್ತಿ ಬಿಡುಗಡೆ ಆದಮೇಲೂ ಅದು ಬಲಿಯಲು ಎರಡು ದಿನ ಬೇಕು. ಗರ್ಭ ಕಟ್ಟಿದ್ದು ನೀವು ಅಂದುಕೊಂಡದ್ದಕ್ಕಿಂತ ತಡವಾಗಿರಬಹುದು. ಬೇಗ ಹೋಗಿ ಏನೂ ಕಾಣದೆ ವಾಪಸ್ ಬಂದು, ಗಬ್ಬ ಇಲ್ಲ ಅಂತ ತಿಳಿದು ಉಣ್ಣೆ ಹುಳಕ್ಕೆ ಇಂಜೆಕ್ಷನ್ ಹಾಕಿಸಿಬಿಡುವವರನ್ನು ನೋಡಿ ನನಗೆ ತುಂಬಾ ಸಂಕಟ ಆಗುತ್ತದೆ.

ಅನುಭವಿ ಡಾಕ್ಟರು ಕೈಯಿಂದ ಹೊಟ್ಟೆ ಮುಟ್ಟಿಯೂ ಹೇಳಬಲ್ಲರು. ನಾಲ್ಕನೇ ವಾರದ ಸುಮಾರಿಗೆ ಬಾರಿಹಣ್ಣಿನಂಥ ಗಂಟುಗಳು ಕೈಗೆ ಸಿಗುತ್ತವೆ, ಐದು ವಾರ ದಾಟಿದರೆ ಅವು ಒಂದಕ್ಕೊಂದು ಕೂಡಿ ಮತ್ತೆ ಗೊತ್ತಾಗುವುದಿಲ್ಲ. ಇದನ್ನು ಮನೆಯಲ್ಲಿ ನೀವು ಮಾಡಲು ಹೋಗಬೇಡಿ. ಸ್ವೀಟಿಯಂಥ ಸಣ್ಣ ನಾಯಿಯ ಹೊಟ್ಟೆ ಒತ್ತಿದರೆ ಅದಕ್ಕೂ ನೋವು, ಮರಿಗೂ ಅಪಾಯ. ರಿಲ್ಯಾಕ್ಸಿನ್ ಅನ್ನುವ ರಕ್ತ ಪರೀಕ್ಷೆಯೂ ಇದೆ, ಅದು ನಾಯಿಗಳಿಗಾಗಿಯೇ ಇರುವ ನಿಜವಾದ ಗಬ್ಬದ ಪರೀಕ್ಷೆ. ಅದೂ ನಾಲ್ಕು ವಾರದ ನಂತರವೇ. ಇಲ್ಲ ಅಂತ ಬಂದರೆ ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು.

ಕಲಬುರಗಿಯಲ್ಲಿ ಯಾವ ಪಶು ಆಸ್ಪತ್ರೆ, ಯಾವ ಕ್ಲಿನಿಕ್‌ನಲ್ಲಿ ಸಣ್ಣ ಪ್ರಾಣಿಗಳಿಗೆ ಸ್ಕ್ಯಾನಿಂಗ್ ಇದೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲೂ ವಿಚಾರಿಸಬಹುದು. ಬಿಸಿಲಿನಲ್ಲಿ ಮಾತ್ರ ಕರೆದೊಯ್ಯಬೇಡಿ. ನಮ್ಮ ಕಡೆಯ ಬೇಸಿಗೆ ದಪ್ಪ ಕೂದಲಿನ ಪಾಮ್‌ಗೆ ಮೊದಲೇ ಕಷ್ಟ, ಗಬ್ಬದಲ್ಲಿ ಇನ್ನೂ ಕಷ್ಟ.

ಇನ್ನು ಕ್ಯಾಲ್ಸಿಯಂ. ದಯವಿಟ್ಟು ಬೇಡ. ಗಬ್ಬದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುವ ಮೈಯ ಶಕ್ತಿಯೇ ಮಂದವಾಗುತ್ತದೆ. ಮರಿ ಹಾಕಿದ ಮೇಲೆ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಬೇಕಾದಾಗ ಮೈ ಕೊಡಲಾರದು. ಆಗ ನಾಯಿ ನಡುಗುತ್ತದೆ, ಏದುಸಿರು ಬಿಡುತ್ತದೆ, ಕಾಲು ಸೆಟೆದುಕೊಂಡು ಫಿಟ್ಸ್ ಬರುತ್ತದೆ. ಸಣ್ಣ ಜಾತಿಯ ನಾಯಿಗಳಿಗೇ ಇದು ಜಾಸ್ತಿ. ಹಾಗೇನಾದರೂ ಕಂಡರೆ ರಾತ್ರಿಯಾದರೂ ಸರಿ, ತಡಮಾಡದೆ ಡಾಕ್ಟರ ಹತ್ತಿರ ಒಯ್ಯಬೇಕು.

ಮೊದಲ ಐದು ವಾರ ಊಟ ಎಂದಿನಷ್ಟೇ ಸಾಕು, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಬರೀ ಹಾಲು ರೊಟ್ಟಿ ಸಾಲದು, ಬೇಯಿಸಿದ ಮೊಟ್ಟೆ, ಕೋಳಿ ಬೇಕು, ಇಲ್ಲವೇ ಒಳ್ಳೆಯ ಡಾಗ್ ಫುಡ್. ಈರುಳ್ಳಿ ಹಾಕಿದ ಸಾರು, ಬೆಳ್ಳುಳ್ಳಿ ಇರುವ ಶೇಂಗಾ ಹಿಂಡಿ ಬೇಡವೇ ಬೇಡ. ಸ್ವೀಟಿ ಇಡೀ ಒಂದು ದಿನ ಏನೂ ತಿನ್ನದಿದ್ದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಜ್ವರ ಇದ್ದರೆ ಗಬ್ಬ ಅಂತ ಸುಮ್ಮನಿರಬೇಡಿ. ಉಣ್ಣೆ ಹುಳದ ಜ್ವರವೂ ಹೀಗೇ ಶುರುವಾಗುತ್ತದೆ. ಕೂಡಿಸಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ, ಕೆಲವು ಔಷಧಿ ಮರಿಗಳಿಗೆ ಆಗಿಬರುವುದಿಲ್ಲ.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಮೂರು ಮರಿ ಅಂದರು, ನಮ್ಮ ಪಗ್ ಹಾಕಿದ್ದು ಎರಡೇ. ಒಂದು ಒಳಗೇ ಉಳಿದಿದೆಯಾ?
- ಓದುಗರು, ಯಾದಗಿರಿ

ಉತ್ತರ: ಸ್ಕ್ಯಾನಿಂಗ್‌ನಲ್ಲಿ ಮರಿ ಎಣಿಸುವುದು ಕಷ್ಟ, ಒಂದನ್ನೇ ಎರಡು ಸಲ ಎಣಿಸಿರಬಹುದು. ಸರಿಯಾದ ಲೆಕ್ಕಕ್ಕೆ 55 ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆಸಬೇಕು, ಅಷ್ಟೊತ್ತಿಗೆ ಮರಿಗಳ ಮೂಳೆ ಗಟ್ಟಿಯಾಗಿ ತಲೆ, ಬೆನ್ನುಮೂಳೆ ಚೆನ್ನಾಗಿ ಕಾಣುತ್ತವೆ. ಆದರೂ ತಡ ಮಾಡದೆ ಇಂದೇ ಡಾಕ್ಟರಿಗೆ ತೋರಿಸಿ. ತಾಯಿ ಇನ್ನೂ ತಿಣುಕುತ್ತಿದ್ದರೆ, ಮಂಕಾಗಿದ್ದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಗಂಟೆಯೂ ಕಾಯಬೇಡಿ.

ಪ್ರಶ್ನೆ: ನಮ್ಮ ನಾಯಿಯನ್ನು ಯಾವ ಗಂಡಿನ ಹತ್ತಿರವೂ ಬಿಟ್ಟಿಲ್ಲ. ಬೆದೆ ಮುಗಿದು ಎರಡು ತಿಂಗಳಾಗಿದೆ. ಈಗ ಹಾಲು ಬರುತ್ತಿದೆ, ಮಕ್ಕಳ ಗೊಂಬೆಯನ್ನು ಅಪ್ಪಿಕೊಂಡು ಮಲಗುತ್ತದೆ, ಹತ್ತಿರ ಹೋದರೆ ಗುರ್ ಅನ್ನುತ್ತದೆ.
- ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಇದು ಸುಳ್ಳು ಗಬ್ಬ. ಮೇಲೆ ಹೇಳಿದ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿಯುವಾಗ ಹೀಗಾಗುತ್ತದೆ, ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಬೈಯಬೇಡಿ ಪಾಪ, ಅದಕ್ಕೆ ಆ ಗೊಂಬೆ ನಿಜವಾಗಿ ಮರಿಯೇ. ನೀರು ವಿಪರೀತ ಕುಡಿಯುತ್ತಾ, ಹಿಂದಿನಿಂದ ಕೀವು ಬರುತ್ತಾ, ವಾಂತಿ, ಮಂಕು ಇದ್ದರೆ ಮಾತ್ರ ಅದು ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಇರಬಹುದು. ಬೆದೆಯ ನಂತರದ ವಾರಗಳಲ್ಲೇ ಅದು ಬರುತ್ತದೆ, ಜೀವಕ್ಕೆ ಅಪಾಯ, ಅದೇ ದಿನ ಆಸ್ಪತ್ರೆಗೆ ಹೋಗಿ. ಹಾಗೇನೂ ಇಲ್ಲದಿದ್ದರೆ ಹಾಲು ಮಾತ್ರ ಹಿಂಡಬೇಡಿ, ಹಿಂಡಿದಷ್ಟೂ ಜಾಸ್ತಿ ಬರುತ್ತದೆ. ಮರಿ ಬೇಡ ಅನ್ನುವುದಾದರೆ ಹಾಲು ಪೂರ್ತಿ ಬತ್ತಿದ ಮೇಲೆ ಗರ್ಭಕೋಶ ತೆಗೆಸುವ ಆಪರೇಷನ್ ಬಗ್ಗೆ ನಿಮ್ಮ ಡಾಕ್ಟರ ಜೊತೆ ಮಾತಾಡಿ.