ಸ್ಕೂಲುಗಳ ಪಟ್ಟಿ ಬಿಡಿ, ಒಂದನೇ ಕ್ಲಾಸಿನ ಟೈಮ್‌ಟೇಬಲ್ ಕೇಳಿ

ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ಬೆಂಗಳೂರಲ್ಲಿ ಚಿಕ್ಕ ಮಕ್ಕಳನ್ನು ಚೆನ್ನಾಗಿ ಆಡಿಸುವ ಸ್ಕೂಲ್ ಯಾವುದು, ಸಿಬಿಎಸ್‌ಇನಾ ಸ್ಟೇಟಾ ಅಂತ ಕೇಳಿದ್ದೀರಿ. ಮಗಳನ್ನು ಸೇರಿಸುವಾಗ ನಾವೂ ಇದನ್ನೇ ಕೇಳಿಕೊಂಡು ಓಡಾಡಿದೆವು. ಕೊನೆಗೆ ಈಜುಕೊಳ, ಸ್ಕೇಟಿಂಗ್, ಕೃತಕ ಹುಲ್ಲಿನ ಹಸಿರು ಟರ್ಫ್ ಎಲ್ಲ ಇರುವ ಕಡೆಗೇ ಹಾಕಿದೆವು. ಗೇಟಿನ ಪಕ್ಕ, ಮಕ್ಕಳನ್ನು ಚೆನ್ನಾಗಿ ಆಡಿಸುವ ಸ್ಕೂಲು ಅಂತ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸಿಗುವ ಫಿಟ್ ಇಂಡಿಯಾ ಬೋರ್ಡು ಬೇರೆ ಇತ್ತು.

ಟರ್ಫ್ ಮೇಲೆ ಓಡಿದ ಮಕ್ಕಳ ಶೂ ಒಳಗೆ ಸಣ್ಣ ಕಪ್ಪು ರಬ್ಬರ್ ಕಾಳು ಸೇರಿಕೊಳ್ಳುತ್ತವೆ. ಅಕ್ಕನ ಮಗ ಶೂ ಬಿಚ್ಚಿದರೆ ಹಾಲ್ ತುಂಬ ಅದೇ. ನನ್ನ ಮಗಳ ಬಿಳಿ ಶೂ ಮಾತ್ರ ಪಿ.ಟಿ. ಇದ್ದ ದಿನವೂ ಹೋದ ಹಾಗೇ ವಾಪಸ್ ಬರುತ್ತಿತ್ತು. ಕೊಡವಿದರೂ ಒಂದು ಕಾಳು ಬೀಳುತ್ತಿರಲಿಲ್ಲ. ‘ಏನು ಆಡಿದೆ ಪುಟ್ಟಿ?’ ಅಂದರೆ ‘ಲೈನಲ್ಲಿ ಕೂತಿದ್ವಿ ಅಮ್ಮ’ ಅನ್ನುತ್ತಿದ್ದಳು.

ವಿಚಾರಿಸಿದಾಗ ಗೊತ್ತಾಯಿತು. ವಾರಕ್ಕೆ ಎರಡೇ ಪೀರಿಯಡ್, 40 ನಿಮಿಷದ್ದು. ಮೂರನೇ ಮಹಡಿಯಿಂದ ಸಾಲಾಗಿ ಇಳಿಯಬೇಕು, ಹಾಜರಿ, ವಾರ್ಮ್‌ಅಪ್, ನೀರು ಕುಡಿಯುವುದು, ಮತ್ತೆ ಸಾಲಾಗಿ ಹತ್ತಬೇಕು. ಉಳಿಯುವುದು ಹದಿನೈದಿಪ್ಪತ್ತು ನಿಮಿಷ. ಅಷ್ಟೂ ಮಕ್ಕಳಿಗೆ ಒಬ್ಬರು ಕೋಚ್, ಎರಡು ಬಾಲು. ಈಜುಕೊಳ ದೊಡ್ಡ ಕ್ಲಾಸಿನವರಿಗೆ. ಟರ್ಫ್ ಸಂಜೆ ಹೊರಗಿನ ಅಕಾಡೆಮಿಗೆ, ಅದಕ್ಕೆ ಬೇರೆ ಫೀಸ್. ಟೆಸ್ಟ್ ಹತ್ತಿರ ಬಂತು ಅಂದರೆ ಪಿ.ಟಿ. ಪೀರಿಯಡ್ ಗಣಿತದವರ ಪಾಲು. ನೋಟ್ಸ್ ಮುಗಿಸದ ಮಗುವಿಗೆ ಗ್ರೌಂಡಿಗೆ ಹೋಗಬೇಡ ಅನ್ನುವ ಶಿಕ್ಷೆ. ಕೂತಲ್ಲಿ ಕೂರಲಾಗದ ಮಗುವಿಗೇ ಈ ಶಿಕ್ಷೆ ಜಾಸ್ತಿ ಬೀಳುತ್ತದೆ, ಗಮನಿಸಿ. ಅದಕ್ಕೇ ತಾನೇ ಆಟ ಎಲ್ಲರಿಗಿಂತ ಹೆಚ್ಚು ಬೇಕಿರುವುದು?

ಸ್ಕೂಲಿನಲ್ಲಿ ಏನೇನಿದೆ ಅಂತ ನೋಡಿದೆವು. ಒಂದನೇ ಕ್ಲಾಸಿನ ಮಗುವಿಗೆ ಅದರಲ್ಲಿ ಏನು ಸಿಗುತ್ತದೆ ಅಂತ ಕೇಳಲಿಲ್ಲ. ಏಟು ಬಿದ್ದಿದ್ದು ಅಲ್ಲೇ. ಅಡ್ಮಿಷನ್‌ಗೆ ಹೋದಾಗ ಎಲ್ಲರೂ ಕಟ್ಟಡ ಸುತ್ತಾಡಿಸುತ್ತಾರೆ, ಟೈಮ್‌ಟೇಬಲ್ ಯಾರೂ ತಾವಾಗಿ ತೋರಿಸುವುದಿಲ್ಲ. ನಾವೇ ಕೇಳಬೇಕು. ಅದೂ ನಮ್ಮ ಮಗು ಸೇರುವ ಕ್ಲಾಸಿನದು, ಆ ಸೆಕ್ಷನ್ನಿನದು. ಆಫೀಸ್ ರೂಮಿನಲ್ಲಿ ಜೋಡಿಸಿಟ್ಟ ಶೀಲ್ಡುಗಳನ್ನು ಗೆದ್ದವರು ಏಳನೇ, ಎಂಟನೇ ಕ್ಲಾಸಿನವರು. ಆರು ವರ್ಷದ ಮಗು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಅವುಗಳಿಂದ ತಿಳಿಯುವುದಿಲ್ಲ. ಕಟ್ಟಿದ ಫೀಸ್ ಹೋಗಲಿ, ಬೀದಿ ತುಂಬ ಓಡಾಡುತ್ತಿದ್ದ ಮಗು ಸಂಜೆ ಸೋಫಾ ಬಿಟ್ಟು ಏಳದಂತಾಯಿತು. ಆ ಸಂಕಟ ಇವತ್ತಿಗೂ ಇದೆ.

ಹಾಗಾಗಿ ಸಿಬಿಎಸ್‌ಇನಾ ಸ್ಟೇಟಾ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ, ಯಾವುದಾದರೂ ನೋಡಬೇಕಾದ್ದು ಟೈಮ್‌ಟೇಬಲ್ಲೇ. ನಿಯಮ ನಂಬಿ ಕೂರುವಂತೆಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಆಟದ ಮೈದಾನ ಇರಲೇಬೇಕು ಅನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಬೋಧಕರು ಬೇಕು ಅನ್ನುವುದು 6ರಿಂದ 8ನೇ ಕ್ಲಾಸಿಗೆ, ಅದೂ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ. 1ರಿಂದ 5ರವರಿಗೆ ಆ ಮಾತೇ ಇಲ್ಲ. ಫಿಟ್ ಇಂಡಿಯಾ ಬೋರ್ಡಿಗೆ ನಿಯಮ ಒಳ್ಳೆಯದೇ ಇದೆ: ಪ್ರತಿ ಸೆಕ್ಷನ್ನಿಗೆ ದಿನಾ ಒಂದು ಪಿ.ಟಿ. ಪೀರಿಯಡ್, ಪ್ರತಿ ಮಗುವಿಗೆ ದಿನಕ್ಕೆ 60 ನಿಮಿಷ ಚಟುವಟಿಕೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದೂ ಸರಾಸರಿ ಇಷ್ಟೇ ಹೊತ್ತು. ಆದರೆ ಈ ನಿಯಮ ಪಾಲಿಸುತ್ತೇವೆ ಅಂತ ಫಾರಂ ತುಂಬುವುದು ಸ್ಕೂಲಿನವರೇ. ಬೋರ್ಡು ಕಂಡರೆ ‘ಆ 60 ನಿಮಿಷ ಟೈಮ್‌ಟೇಬಲ್‌ನಲ್ಲಿ ಎಲ್ಲಿದೆ ತೋರಿಸಿ’ ಅನ್ನಿ. ಸಂಕೋಚ ಬೇಡ.

ಆಮೇಲೆ ನಾವು ಮನೆ ಹತ್ತಿರದ ಒಂದು ಸಣ್ಣ ಅನುದಾನಿತ ಶಾಲೆಗೆ ಬದಲಾಯಿಸಿದೆವು. ಮಣ್ಣಿನ ಅಂಗಳ, ಒಂದು ಹೊಂಗೆ ಮರ, ಅಷ್ಟೇ. ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಗೇಟ್ ತೆಗೆಯುತ್ತಾರೆ, ಬೇಗ ಬಂದವರು ಆಡಿಕೊಳ್ಳಬಹುದು. ಕುಂಟೆಬಿಲ್ಲೆ, ಲಗೋರಿ, ಖೋ ಖೋ. ಚಿಕ್ಕವರಿಗೆ ಪಿ.ಟಿ. ಮಾಸ್ಟರ್ ಇಲ್ಲ, ಕ್ಲಾಸ್ ಟೀಚರೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಬರುತ್ತಾರೆ. ಹೆಡ್ ಮೇಡಂಗೆ ಮನಸ್ಸಿದೆ, ಅದಕ್ಕೇ ನಡೆಯುತ್ತಿದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ 2012ರಲ್ಲಿ ಶುರುವಾದ ಡೈಲಿ ಮೈಲ್ ಕೂಡ ಹೀಗೇ. ಒಂದು ಪ್ರೈಮರಿ ಸ್ಕೂಲಿನ ಮುಖ್ಯ ಶಿಕ್ಷಕಿ ದಿನಾ 15 ನಿಮಿಷ ಮಕ್ಕಳನ್ನು ಯೂನಿಫಾರ್ಮಿನಲ್ಲೇ ಹೊರಗೆ ಓಡಿಸಿದರು. ಬೇರೆ ಬಟ್ಟೆ ಬೇಡ, ಸಾಮಾನು ಬೇಡ, ಕೋಚ್ ಬೇಡ. ಈಗ ಎಷ್ಟೋ ದೇಶಗಳಲ್ಲಿ ಮಾಡುತ್ತಾರೆ.

ನಿಮ್ಮ ಮಗನಿಗೂ ಇಂಥ ಹೆಡ್ ಇರುವ ಸ್ಕೂಲನ್ನೇ ಹುಡುಕಿ. ನೋಡಲು ಹೋಗುವುದಾದರೆ ಸ್ಪೋರ್ಟ್ಸ್ ಡೇ ದಿನ ಹೋಗಬೇಡಿ. ಪರೀಕ್ಷೆ ಗಡಿಬಿಡಿಯ ಫೆಬ್ರವರಿಯಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಆಗಲೂ ಒಂದನೇ ಕ್ಲಾಸಿನ ಮಕ್ಕಳು ಗ್ರೌಂಡಿನಲ್ಲಿ ಕಿರುಚಾಡುತ್ತಿದ್ದರೆ ಅಲ್ಲೇ ಅರ್ಜಿ ತಗೊಳ್ಳಿ.