‘ಭಾರ’ಕ್ಕೂ ‘ಬೇರ್’ಗೂ ಏನು ನಂಟು?

ಪ್ರಶ್ನೆ: ಇಲ್ಲಿನ ಗಂಜಿನಲ್ಲಿ ತೊಗರಿ ಅಡತಿ ಅಂಗಡಿಯ ಲೆಕ್ಕ ಬರೀತೀನಿ. ಮಗಳ ಇಂಗ್ಲಿಷ್ ಪಾಠದಲ್ಲಿ ‘ಬೇರ್’ ಅಂದ್ರೆ ಹೊರುವುದು ಅಂತ ಬಂತು. ನಮ್ಮ ‘ಭಾರ’ದಂಗೇ ಕೇಳಿಸ್ತು. ಸಂಸ್ಕೃತದಿಂದ ತಗೊಂಡಿದ್ದಾ? ಮತ್ತೆ ಅದರಿಂದ ‘ಬಾರ್ನ್’, ಅಂದ್ರೆ ಹುಟ್ಟಿದ, ಹೆಂಗಾಯ್ತು?
— ಓದುಗರೊಬ್ಬರು, ಕಲಬುರಗಿ

ಉತ್ತರ: ತಗೊಂಡಿದ್ದಲ್ಲ, ಎರಡೂ ಒಂದೇ ಮನೆತನದವು. ಇಂಗ್ಲಿಷ್, ಜರ್ಮನ್, ಸ್ವೀಡಿಷ್‌ಗಳ ತಾಯಿಯನ್ನು ಪ್ರೋಟೋ-ಜರ್ಮಾನಿಕ್ ಅನ್ನುತ್ತಾರೆ. ಅದರಲ್ಲಿ ಬರೆದ ಪುಸ್ತಕ ಒಂದೂ ಇಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖ ಬಿಡಿಸಿದ ಹಾಗೆ ಪಂಡಿತರು ‘ಬೆರನಂ’ ಅನ್ನೋ ಕ್ರಿಯಾಪದ ಕಟ್ಟಿ, ಇದು ಊಹೆ ಅಂತ ತಿಳಿಯಲಿ ಎಂದು ಮುಂದೊಂದು ನಕ್ಷತ್ರದ ಗುರುತು ಹಾಕುತ್ತಾರೆ.

ಅದಕ್ಕೂ ಹಿಂದೆ, ಸಂಸ್ಕೃತ, ಲ್ಯಾಟಿನ್, ಫಾರ್ಸಿಗಳಿಗೂ ಮೂಲವಾದ ಭಾಷೆಯ ಬೇರು ‘ಭೆರ್’. ಸಂಸ್ಕೃತದಲ್ಲಿ ‘ಭ’ ಹಾಗೇ ಉಳಿಯಿತು: ಭರತಿ, ಭಾರ. ಜರ್ಮಾನಿಕ್‌ನಲ್ಲಿ ‘ಬ’ ಆಯಿತು, ಲ್ಯಾಟಿನ್‌ನಲ್ಲಿ ‘ಫ’: ಫೆರ್ರೆ. ಮಾಸ್ತರರು ದಿನಾ ಜಪಿಸುವ ‘ಟ್ರಾನ್ಸ್‌ಫರ್’ ಅದರದೇ ಕೂಸು, ಆಚೆ ಹೊತ್ತು ಹಾಕೋದು! ಸುಮ್ನೆ ಒಂದು ಪದ ಹೋಲಿತು ಅಂತ ನಂಟು ಕಟ್ಟಿದ್ದಲ್ಲ. ಭ್ರಾತಾ, ಬ್ರದರ್, ಫ್ರಾಟೆರ್ ನೋಡಿ, ಅದೇ ಲೆಕ್ಕ. ಜರ್ಮಾನಿಕ್‌ನ ಇಂಥ ಬದಲಾವಣೆಗಳನ್ನು ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಬರೆದಿಟ್ಟ.

ಇನ್ನು ‘ಬಾರ್ನ್’. ಹೊಟ್ಟೆಯಲ್ಲಿ ಹೊತ್ತದ್ದು ತಾನೇ ಹುಟ್ಟೋದು? ನಮ್ಮಲ್ಲಿ ಹೊರು ಬೇರೆ, ಹೆರು ಬೇರೆ, ಎರಡೂ ದ್ರಾವಿಡ ಪದಗಳು, ಆದ್ರೂ ‘ಹೊತ್ತು ಹೆತ್ತ ತಾಯಿ’ ಅಂತ ಜೋಡಿಸೇ ಹೇಳ್ತೀವಿ ಅಲ್ವಾ? ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಸಾಕಾಯಿತು. ಜರ್ಮನ್ನರ ‘ಗೆಬೇರೆನ್’ಗೆ ಈಗ ಹೆರುವ ಅರ್ಥ ಮಾತ್ರ. ಹೊರೆ ಅನ್ನುವ ‘ಬರ್ಡನ್’, ಗಾರೆ ಕೆಲಸದವರು ತಳ್ಳುವ ವೀಲ್‌ಬ್ಯಾರೋದ ‘ಬ್ಯಾರೋ’, ಹೆಣ ಹೊರುವ ಚಟ್ಟ ‘ಬಿಯರ್’ (ಕುಡಿಯೋದಲ್ಲ!), ಎಲ್ಲ ಇದೇ ಸಂತಾನ. ಕರಡಿಯ ‘ಬೇರ್’ ಮಾತ್ರ ಹೊರಗಿನದು.

ನಿಮ್ಮ ಅಂಗಡಿಯಲ್ಲೇ ಒಬ್ಬ ಬಂಧು ಇದ್ದಾನೆ ನೋಡಿ: ಬಾರದಾನ. ಫಾರ್ಸಿಯಲ್ಲಿ ‘ಬಾರ್’ ಅಂದ್ರೆ ಹೊರೆ, ‘ದಾನ್’ ಅಂದ್ರೆ ಹಾಕಿಡುವಂಥದ್ದು, ಪಾನದಾನ ಇದ್ದ ಹಾಗೆ. ಆ ‘ಬಾರ್’ ಕೂಡ ‘ಭೆರ್’ನಿಂದಲೇ ಬಂದದ್ದು. ಅಂದ್ರೆ ಖಾಲಿ ಗೋಣಿಚೀಲ ಇಂಗ್ಲಿಷಿನ ‘ಬರ್ಡನ್’ಗೆ ದೂರದ ನೆಂಟ. ಆದರೆ ಆ ಚೀಲ ಎತ್ತುವ ‘ಹಮಾಲ’ ಅರಬ್ಬಿಯವನು, ಈ ಮನೆತನಕ್ಕೆ ಸಂಬಂಧವೇ ಇಲ್ಲ. ತಮಾಷೆ ಏನಂದ್ರೆ, ಅರಬ್ಬಿಯಲ್ಲಿ ಅವನ ಬೇರಿಗೂ ಹೊರುವ ಅರ್ಥವೇ. ನಿಮ್ಮ ಓಣಿಯ ಉರ್ದುವಿನಲ್ಲಿ ಬಸುರಿಗೆ ‘ಹಾಮಿಲಾ’ ಅಂತಾರಲ್ಲ, ಅದೂ ಆ ಬೇರಿನದೇ.